ಗುಲ್ಶನಳ ಬಳೆ ಅಳತೆ

ತಾವರಗೇರಾ ಸಂತೆಯಲ್ಲಿ ಬಳೆ ಮಾರುವ ಜುಬೇದಾಬೀಗೆ ಹೆಂಗಸರ ಮುಖಕ್ಕಿಂತ ಮುಂಗೈ ಹೆಚ್ಚು ಪರಿಚಯ. ಕೈ ಹಿಡಿದೊಡನೆ ಅಳತೆ ಗೊತ್ತಾಗುತ್ತಿತ್ತು. ಹೆಬ್ಬೆರಳ ಬುಡ ಒತ್ತಿ ಬಳೆ ಏರಿಸಿದಳೆಂದರೆ ಒಂದೂ ಒಡೆಯುತ್ತಿರಲಿಲ್ಲ. ಇಂಥ ಹೆಂಗಸಿಗೆ ದೇವರು ಅಳತೆಯೇ ಬದಲಾಗದ ಕೈಯ ಮಗಳನ್ನು ಕೊಟ್ಟಿದ್ದ.

ಮಗಳು ಗುಲ್ಶನಳ ಹೃದಯದಲ್ಲಿ ಹುಟ್ಟಿನಿಂದಲೇ ತೂತು. ಏಳು ತುಂಬಿದರೂ ನಾಲ್ಕರ ಮಗುವಿನಂತಿದ್ದಳು. ಪ್ರತಿ ಹಬ್ಬಕ್ಕೂ ಅದೇ ಅಳತೆಯ ಹೊಸ ಬಳೆ. ಮೊದಮೊದಲು ಜುಬೇದಾಬೀ ಅತ್ತಳು, ಮೊಟ್ಟೆ ತಿನ್ನಿಸಿದಳು, ಹರಕೆ ಹೊತ್ತು ದರ್ಗಾದಲ್ಲಿ ಸಕ್ಕರೆ ಓದಿಸಿದಳು. "ಕೂಸಿಗೆ ಹೊಟ್ಟಿಗಿ ಹಾಕೂದಿಲ್ಲೇನ ಜುಬೇದಾಬೀ?" ಎಂದು ಗಿರಾಕಿಗಳು ಕೇಳಿದರೆ ಮೈ ಉರಿಯುತ್ತಿತ್ತು. ಆಮೇಲೆ ಉರಿಯುವುದೂ ನಿಂತಿತು. "ಹಾಕತೀನ್ರಿ, ಕೈ ಸಡಿಲ ಬಿಡ್ರಿ" ಎಂದು ಮುಂದಿನ ಬಳೆ ಏರಿಸುತ್ತಿದ್ದಳು.

2011ರಲ್ಲಿ ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಡಾಕ್ಟರು ಬಿಡಿಸಿ ಹೇಳಿದರು: "ಬೆಳೆಸೋ ಹಾರ್ಮೋನ್ ಈಕಿ ಮೈಯಾಗ ಐತಿ. ಆದ್ರ ಮೈ ಅದರ ಮಾತು ಕೇಳ್ತಿರಲಿಲ್ಲ. ಉಂಡದ್ದೆಲ್ಲ ಎದಿ ಬಡಿಯೂದಕ್ಕ ಖರ್ಚಾಗತಿತ್ತು. ಇನ್ನ ಬೆಳೀಬಹುದು. ಎಷ್ಟಂತ ಹೇಳಾಕ ಬರೂದಿಲ್ಲ."

ನರ್ಸ್ ಇನ್ನೊಂದು ಮಾತು ಸೇರಿಸಿದಳು. "ಕೈಕಾಲು ಬಾತ್ರ ಕೂಡ್ಲೇ ಕರಕೊಂಡು ಬರ್ರಿ. ಬೆರಳಿಂದ ಒತ್ತಿ ನೋಡ್ರಿ. ಕುಣಿ ಬಿದ್ದು ಹಂಗ ಉಳಿದ್ರ ಅದು ಬಾವು."

ಜುಬೇದಾಬೀ ನರ್ಸಿನ ಮಾತನ್ನಷ್ಟೇ ಸೆರಗಿಗೆ ಗಂಟು ಹಾಕಿಕೊಂಡಳು. ಡಾಕ್ಟರ ಮಾತು ನಂಬುವ ತ್ರಾಣ ಉಳಿದಿರಲಿಲ್ಲ. ಮಗಳು ಇನ್ನೊಂದು ರೊಟ್ಟಿ ಕೇಳಿದರೆ ಕೊಟ್ಟಳು, ಓಡಿದರೆ ನೋಡಿದಳು. ಆಕೆಯ ಒಳಗೆ ಮಾತ್ರ ಏನೂ ಮಿಡಿಯಲಿಲ್ಲ.

ಮುಂದಿನ ವರ್ಷ ರಂಜಾನ್ ಹಬ್ಬದ ಹಿಂದಿನ ಸಂತೆ. ಹಳೆಯ ಬಳೆ ತೆಗೆಯಲು ಗುಲ್ಶನಳ ಕೈ ಹಿಡಿದಳು. ಬಳೆ ಹೆಬ್ಬೆರಳ ಬುಡಕ್ಕೆ ಬಂದು ನಿಂತಿತು. ಸಾಬೂನು ಹಚ್ಚಿ ಎಳೆದಳು. ಬರಲಿಲ್ಲ.

"ಅಮ್ಮಾ, ನೋಯ್ತೈತಿ."

ಬಾವು ಬಂತು ಎಂದುಕೊಂಡಳು. ಇಷ್ಟೇ ಇತ್ತು ಋಣ ಎಂದೂ ಅನ್ನಿಸಿತು, ಅಳು ಮಾತ್ರ ಬರಲಿಲ್ಲ. ಪಕ್ಕದಲ್ಲಿ ಕಾಯಿಪಲ್ಯೆ ಮಾರುವ ಸುಂಕಲಮ್ಮನಿಗೆ, "ಸಾಮಾನು ನೋಡ್ಕೊಳವ್ವಾ, ಹುಬ್ಬಳ್ಳಿಗಿ ಹೋಗಬೇಕು" ಎಂದು ಹೇಳಿ ಮಗಳ ಮುಂಗೈ ಮೇಲೆ ಹೆಬ್ಬೆರಳು ಊರಿದಳು. ತೆಗೆದಳು. ಕುಣಿ ಉಳಿಯಲಿಲ್ಲ. ಮತ್ತೆ ಊರಿದಳು, ಪಾದದ ಮೇಲೂ ಊರಿದಳು. ಎಲ್ಲೂ ಇಲ್ಲ. ಬೆರಳಿಗೆ ಸಿಕ್ಕಿದ್ದು ಗಟ್ಟಿ ಎಲುಬು, ತುಂಬಿಕೊಂಡ ಮಾಂಸ.

ಕೈಗೂ ಬಳೆಗೂ ನಡುವೆ ಬಟ್ಟೆ ತೂರಿಸಿ ಒಂದೊಂದನ್ನೇ ಒಡೆದಳು.

"ಯಾಕ ಒಡದಿ ಅಮ್ಮಾ? ಛಲೋ ಇದ್ವಲ್ಲ."

"ಸಣ್ಣ ಆಗ್ಯಾವು."

ಉಳಿದ ತಾಯಂದಿರು ಹಬ್ಬಹಬ್ಬಕ್ಕೂ ಗೊಣಗುತ್ತ ಆಡುವ ಮಾತು ಅದು. ಜುಬೇದಾಬೀ ತನ್ನ ಮಗಳ ವಿಷಯದಲ್ಲಿ ಅದನ್ನು ಮೊದಲ ಸಲ ಆಡಿದ್ದಳು. ದೊಡ್ಡ ಅಳತೆಯ ಡಬ್ಬಿ ಎಳೆದುಕೊಂಡು ಒಂದು ಹಸಿರು ಬಳೆ ಏರಿಸಹೋದಳು. ಅದು ಒಡೆಯಿತು. ಇನ್ನೊಂದು ತೆಗೆದಳು. ಅದೂ ಒಡೆಯಿತು. ಅಷ್ಟು ಹೊತ್ತಿಗೆ ಆಕೆ ಅಳುತ್ತಿದ್ದಳು, ಸಂತೆಯ ನಡುವೆ, ಗಿರಾಕಿಗಳ ಮುಂದೆಯೇ.