ಹೀಟ್ ಪಂಪೂ ನಮ್ಮ ಮಾವನೂ

ನಮ್ಮ ಮಾವನವರ ಮೂಗು ಉಸಿರಿಗಿಂತ ಅನುಮಾನಕ್ಕೇ ಹೆಚ್ಚು ದುಡಿದಿದೆ. ಹಾಲು ಬಂದರೆ ಮೂಸುತ್ತಾರೆ, ಪೇಪರ್ ಬಂದರೆ ನಿನ್ನೆಯದಿರಬೇಕೆಂದು ತಾರೀಖು ನೋಡುತ್ತಾರೆ, ಡಾಕ್ಟರು "ಚೆನ್ನಾಗಿದ್ದೀರಿ" ಎಂದರೆ ಬೇರೆ ಡಾಕ್ಟರನ್ನು ಹುಡುಕುತ್ತಾರೆ. "ಬೆಳ್ಳಗಿರೋದೆಲ್ಲಾ ಹಾಲಲ್ಲ" ಎಂಬ ಮಾತು ಸದಾ ಅವರ ನಾಲಗೆಯ ತುದಿಯಲ್ಲಿರುತ್ತದೆ. ಅಂಥವರ ಮನೆಗೆ ಹೀಟ್ ಪಂಪ್ ಕೂರಿಸಲು ಮೆಕ್ಯಾನಿಕ್ ಬಂದ. ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನೇ ಹೀರಿ ಇದು ಮನೆಯನ್ನು ಬೆಚ್ಚಗಿಡುತ್ತದೆ ಎಂದು ವಿವರಿಸಿದ. "ಈ ಚಳಿಗಾಳೀಲಿ ಬಿಸಿ ಎಲ್ಲಿಂದ ಬರುತ್ತಪ್ಪಾ? ಮರಳಿಂದ ಎಣ್ಣೆ ತೆಗೀತೀಯಾ?" ಎಂದರು ಮಾವ. ಅವನು ಗೋಡೆಗೆ ಬಿಗಿದ ಬ್ರಾಕೆಟ್ಟಿಗೆ ತಾವೇ ಜೋತುಬಿದ್ದು ನೋಡಿದರು. ತಾಮ್ರದ ಪೈಪಿನ ಒಂದೊಂದು ಜಾಯಿಂಟಿಗೂ ಸೋಪಿನ ನೊರೆ ಹಚ್ಚಿಸಿ, ಗುಳ್ಳೆ ಏಳುತ್ತದೇನೋ ಎಂದು ಕನ್ನಡಕ ತಾಗುವಷ್ಟು ಬಗ್ಗಿದರು. ವೈರಿಂಗ್ ಶುರುವಾಗುವ ಮೊದಲು ಮೇನ್ ಫ್ಯೂಸನ್ನೇ ಕಿತ್ತು ಜೇಬಿಗಿಳಿಸಿ, ಮೀಟರ್ ಬೋರ್ಡಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು. "ಅಪ್ಪಾ, ಫ್ಯೂಸ್ ಯಾರು ಕದೀತಾರೆ?" ಎಂದು ನನ್ನ ಹೆಂಡತಿ ನಕ್ಕಳು. ಸ್ವಲ್ಪ ಹೊತ್ತಿಗೆ ಹಿತ್ತಲಿಂದ ಮೆಕ್ಯಾನಿಕ್ ಕೂಗಿದ: "ಮುಗೀತು ಯಜಮಾನ್ರೇ, ಫ್ಯೂಸ್ ಹಾಕಿ!" ಮಾವ ಕದಲಲಿಲ್ಲ. "ಮೊದ್ಲು ಒಳಗೆ ಬಾ, ನನ್ನ ಕಣ್ಣೆದುರಿಗೆ ನಿಲ್ಲು." ಅವನು ಗೊಣಗುತ್ತಾ ಬಂದು ನಿಂತ. ಮಾವ ಅವನ ಎರಡೂ ಕೈಗಳನ್ನು ನೋಡಿದರು. "ನಮ್ಮಣ್ಣನೂ ವೈರ್‌ಮನ್ನೇ ಕಣಪ್ಪಾ. ಅವನಿನ್ನೂ ಮೇಲೆ ವೈರ್ ಹಿಡ್ಕೊಂಡಿದ್ದಾಗ್ಲೇ ಕೆಳಗೆ ಯಾರೋ ಮೇನ್ ಹಾಕಿಬಿಟ್ರು" ಎಂದು, ಫ್ಯೂಸನ್ನು ತೆಗೆದು ಅವನ ಅಂಗೈಯಲ್ಲೇ ಇಟ್ಟರು.