ಚನ್ನಮಲ್ಲಮ್ಮನ ಉಪ್ಪಿಲ್ಲದ ಹಕ್ಕಿ ಉಂಡೆ

ಗುರುಮಲ್ಲಪ್ಪನ ಕಾಳಿನ ಅಂಗಡಿಗೆ ಬೋರ್ಡು ನೋಡಿ ಬರುವವರು ಕಡಿಮೆ. ಅವನ ಹೆಂಡತಿ ಚನ್ನಮಲ್ಲಮ್ಮನ ಬಾಯಿ ಕೇಳಿ ಬರುವವರೇ ಹೆಚ್ಚು. ಕೊಳ್ಳೇಗಾಲದ ಆ ಬೀದಿಯಲ್ಲಿ ಗಂಡ ತಕ್ಕಡಿ ಹಿಡಿದರೆ ಹೆಂಡತಿ ಗಿರಾಕಿಯನ್ನು ಹಿಡಿಯುತ್ತಾಳೆ. ಒಂದು ಸೇರು ನವಣೆಗೆಂದು ಬಂದವರು ಬರೀ ನವಣೆ ಕೊಂಡು ಪಾರಾದದ್ದಿಲ್ಲ. ಹೋಗುವಾಗ ಚೀಲದಲ್ಲಿ ಸಾಮೆಯೂ ಇರುತ್ತದೆ, ತಲೆಯಲ್ಲಿ ಬುದ್ಧಿಮಾತೂ ಇರುತ್ತದೆ. ಎರಡಕ್ಕೂ ತೂಕ ಮೋಸವಿಲ್ಲ. ಬುದ್ಧಿಮಾತು ತುಸು ಹೆಚ್ಚೇ ಬೀಳುತ್ತದೆ.

ಹಕ್ಕಿಯ ವ್ಯಾಪಾರ ಶುರುವಾದದ್ದು ಗುರುಮಲ್ಲಪ್ಪ ಮೈಸೂರಿನಿಂದ ಒಂದು ಜೊತೆ ಲವ್ ಬರ್ಡ್ಸ್ ತಂದ ಮೇಲೆ. ಪ್ರೀತಿಯಿಂದ ತಂದ ಎಂದು ಯಾರೂ ತಿಳಿಯಬೇಡಿ. ಅಂಗಡಿಯಲ್ಲಿ ನವಣೆ ಉಳಿಯುತ್ತಿತ್ತು. ತಿನ್ನುವ ಬಾಯಿಯೊಂದು ಕಣ್ಣೆದುರಿಗೆ ಇದ್ದರೆ ನೋಡಿದವರೂ ಕೊಳ್ಳುತ್ತಾರೆ ಎಂಬುದು ಅವನ ಲೆಕ್ಕ. ಲೆಕ್ಕ ತಪ್ಪಲಿಲ್ಲ. ಪಂಜರವನ್ನು ಗಲ್ಲಾಪೆಟ್ಟಿಗೆಯ ಪಕ್ಕ ತೂಗುಹಾಕಿದ ಮೇಲೆ, ಹನೂರು, ಯಳಂದೂರು, ಅತ್ತ ಕೌದಳ್ಳಿಯ ತನಕ ಎಷ್ಟು ಮನೆಗಳಲ್ಲಿ ಹಕ್ಕಿ ಸಾಕಿದ್ದಾರೆ ಎಂಬುದು ಒಂದೊಂದಾಗಿ ಹೊರಬಿತ್ತು.

ಮೈಸೂರಿನ ಡಾಕ್ಟರೊಬ್ಬರು ಹೇಳಿ ಕಳಿಸಿದ್ದು ಇಷ್ಟು: ಬರೀ ಕಾಳು ತಿಂದರೆ ಹಕ್ಕಿಗೆ ಕೊಬ್ಬು ಕಟ್ಟುತ್ತದೆ, ಸೊಪ್ಪು ಮೊಳಕೆ ಬೇಕು, ಉಪ್ಪು, ಸಕ್ಕರೆ, ಎಣ್ಣೆ ಬೇಡವೇ ಬೇಡ. ಚನ್ನಮಲ್ಲಮ್ಮ ಅಷ್ಟನ್ನೇ ಹಿಡಿದುಕೊಂಡು ಹಕ್ಕಿ ಉಂಡೆ ಕಟ್ಟಿದಳು. ನವಣೆ, ಸಾಮೆ, ಸಜ್ಜೆಯನ್ನು ತರಿಯಾಗಿ ಒಡೆಸಿ ಹಬೆಯಲ್ಲಿ ಬೇಯಿಸುವುದು. ಮೊಳಕೆ ಬಂದ ಹೆಸರುಕಾಳು ಜಜ್ಜಿ, ತುರಿದ ಕ್ಯಾರೆಟ್ಟು, ಸಣ್ಣಗೆ ಹೆಚ್ಚಿದ ನುಗ್ಗೆಸೊಪ್ಪು ಬೆರೆಸಿ ನೆಲ್ಲಿಕಾಯಿಯಷ್ಟು ಗಾತ್ರಕ್ಕೆ ಕಟ್ಟಿ, ಹುಚ್ಚೆಳ್ಳಿನಲ್ಲಿ ಹೊರಳಿಸಿ, ಗಟ್ಟಿಯಾಗುವ ತನಕ ಒಣಗಿಸುವುದು. ಜೊತೆಗೆ ಗ್ರಂಧಿಗೆ ಅಂಗಡಿಯಿಂದ ತಂದ ಸಮುದ್ರನೊರೆಯ ಪುಡಿ ಒಂದಿಷ್ಟು. ಸಮುದ್ರನೊರೆ ಎಂದರೆ ನೊರೆಯಲ್ಲ, ಕಡಲ ಜೀವಿಯೊಂದರ ಮೂಳೆ ಎಂಬುದು ಗುರುಮಲ್ಲಪ್ಪನಿಗೆ ಗೊತ್ತು. ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ. ನೊರೆ ನೊರೆಯಾಗಿಯೇ ಇರಲಿ ಎಂದು ಅವನು ಸುಮ್ಮನಿದ್ದಾನೆ.

ಹೆಸರಿನದೊಂದು ತೊಂದರೆಯಾಯಿತು. ಈ ಸೀಮೆಯ ನಾಲಿಗೆಯ ಮೇಲೆ 'ಹ' ನಿಲ್ಲುವುದಿಲ್ಲವಲ್ಲ, ಹಕ್ಕಿ ಉಂಡೆ ಅಕ್ಕಿ ಉಂಡೆಯಾಯಿತು. ಶಾಗ್ಯದ ಶಿವಯ್ಯ ಒಂದು ಪೊಟ್ಟಣ ಕೊಂಡು ಹೋಗಿ, ಕಾಫಿಯ ಜೊತೆ ತಿಂದು ಮುಗಿಸಿ, ಮುಂದಿನ ವಾರ ತಕರಾರಿಗೆ ಬಂದ.

"ಏನವ್ವ ಇದು ಅಕ್ಕಿ ಉಂಡೆ? ಉಪ್ಪೂ ಇಲ್ಲ, ಬೆಲ್ಲವೂ ಇಲ್ಲ. ಅಲ್ಲು ಅಳ್ಳಾಡೋಯ್ತು."

"ಅಯ್ಯೋ ಶಿವಯ್ಯಣ್ಣ, ಅದು ತಿನ್ನೋ ಅಕ್ಕಿದಲ್ಲ, ಹಾರೋ ಹಕ್ಕಿದು!"

"ಅದ್ಕೇಯಾ ವಾರದಿಂದ ಮೈ ಅಗುರಾಗಿರೋದು!"

ಬೀದಿಯೆಲ್ಲ ನಕ್ಕಿತು. ಚನ್ನಮಲ್ಲಮ್ಮನೂ ನಕ್ಕಳು, ನಕ್ಕು ಮುಗಿಸುವ ಮೊದಲೇ ಅದನ್ನೂ ವ್ಯಾಪಾರಕ್ಕೆ ಹಚ್ಚಿದಳು. "ನೋಡಿ, ಶಿವಯ್ಯಣ್ಣನೇ ಸಾಕ್ಷಿ. ನನ್ನ ಉಂಡೇಲಿ ಒಂದು ಕಲ್ಲು ಉಪ್ಪಿಲ್ಲ." ಅಂದಿನಿಂದ ಉಪ್ಪಿಲ್ಲದಿರುವುದೇ ಆ ಮಾಲಿನ ಹೆಗ್ಗಳಿಕೆಯಾಯಿತು. ಹಕ್ಕಿಗೆ ಮಿಕ್ಸ್ಚರ್ ಹಾಕಿದವರನ್ನು, ಚಿಪ್ಸ್ ಮುರಿದು ಕೊಟ್ಟವರನ್ನು ಅವಳು ಅಂಗಡಿಯ ಮುಂದೆಯೇ ನಿಲ್ಲಿಸಿ ಬೈಯುತ್ತಿದ್ದಳು. ಬೈಸಿಕೊಂಡವರು ಇನ್ನೊಂದು ಪೊಟ್ಟಣ ಕೊಂಡು ಹೋಗುತ್ತಿದ್ದರು.

ಆ ಮೊದಲ ಜೊತೆ ಉಳಿಯಲಿಲ್ಲ. ಒಂದು ಬೆಳಿಗ್ಗೆ ನೀರಿಟ್ಟು ಪಂಜರದ ಬಾಗಿಲು ಹಾಕುವುದನ್ನು ಚನ್ನಮಲ್ಲಮ್ಮನೇ ಮರೆತಳು; ಎರಡೂ ಹಾರಿಹೋದವು. ಎದುರುಮನೆಯ ಮುದುಕಿ ಪುಟ್ಟಮಾದಮ್ಮ ಸಮಾಧಾನ ಹೇಳಲು ಬಂದಳು. ಆಕೆಯ ಸಮಾಧಾನವೆಂದರೆ ಹೀಗೆ:

"ಅವು ನಿನ್ ಮನೆ ಉಪ್ಪು ತಿಂದಿದ್ವಾ? ಇಲ್ಲ ತಾನೆ? ಉಪ್ಪಿನ ಋಣ ಇಲ್ದ ಮ್ಯಾಲೆ ಯಾಕ್ ನಿಂತಾವು ಕಣವ್ವ? ಬಾಗ್ಲು ಕಂಡ್ರೆ ಓಯ್ತಾವೆ."

"ಸುಮ್ಕಿರಿ ಅಜ್ಜಿ, ಹಕ್ಕಿಗೆಂಥ ಋಣ" ಎಂದು ಚನ್ನಮಲ್ಲಮ್ಮ ತಳ್ಳಿಹಾಕಿದಳು.

ಆಮೇಲೆ ದೊರೆ ಬಂದ. ದೊರೆ ಎಂದರೆ ಬೂದು ಮೈಯ, ಹಳದಿ ಜುಟ್ಟಿನ ಕಾಕಟೀಲು ಗಿಳಿ. ಕೆನ್ನೆಯ ಮೇಲೆ ಕುಂಕುಮ ಒತ್ತಿದಂತೆ ಕೆಂಪು ಬೊಟ್ಟು. ಇವನು ಲವ್ ಬರ್ಡ್ಸಿನ ಹಾಗೆ ದೂರ ಕೂರುವವನಲ್ಲ. ಹೆಗಲ ಮೇಲೆ ಬಂದು ಕೂತು ಕಿವಿಯೋಲೆ ಕಚ್ಚುತ್ತಾನೆ, ಅವಳು ಅಡುಗೆಮನೆಗೆ ಹೋದರೆ ಸಿಳ್ಳೆ ಹೊಡೆದು ಕರೆಯುತ್ತಾನೆ. ಇವನೂ ಹಾರಿಹೋದರೆ? ಚನ್ನಮಲ್ಲಮ್ಮನ ಬುದ್ಧಿ ಡಾಕ್ಟರ ಕಡೆಗಿತ್ತು, ಕೈ ಪುಟ್ಟಮಾದಮ್ಮನ ಕಡೆಗೆ ಹೋಯಿತು. ದೊರೆಯ ಪಾಲಿನ ಹಿಟ್ಟನ್ನು ಬೇರೆ ತೆಗೆದು, ಗಂಡ ಕಾಣದಂತೆ ಒಂದು ಚಿಟಿಕೆ ಉಪ್ಪು ಹಾಕಿದಳು. ಬರೀ ಋಣಕ್ಕೆ, ರುಚಿಗಲ್ಲ. ಆದರೆ ಇಷ್ಟು ವರ್ಷ ಸಾರಿಗೆ ಉಪ್ಪು ಹಾಕಿ ಪಳಗಿದ ಕೈ ಅದು. ಋಣದ ಅಳತೆ ಅದಕ್ಕೆ ಗೊತ್ತಿಲ್ಲ. ಚಿಟಿಕೆ ಹೋಗಿ ಬೆರಳತುದಿ ತುಂಬುವಷ್ಟಾಯಿತು. ಆ ಉಂಡೆಗಳು ಅಡುಗೆಮನೆಯ ಗೋಡೆಗೂಡಿನಲ್ಲಿ ಸ್ಟೀಲ್ ಡಬ್ಬದಲ್ಲಿರುತ್ತಿದ್ದವು. ಹೊರಗೆ ಅಂಗಡಿಯಲ್ಲಿ, "ಉಪ್ಪು ಅಂದ್ರೆ ಹಕ್ಕಿಗೆ ವಿಷ" ಎಂಬ ಪಾಠ ನಡೆದೇ ಇತ್ತು.

ಕುಂತೂರಿನ ಪುಷ್ಪ ಆ ಪಾಠವನ್ನು ಪೂರ್ತಿ ನಂಬಿದವಳು. ಗಂಡ ರಂಗನಾಥನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಮನೆಯಲ್ಲಿ ಅತ್ತೆ ಪುಟ್ಟಬಸಮ್ಮ, ಮತ್ತೆ ಸುಂದ್ರಿ ಎಂಬ ಕಾಕಟೀಲು. ಚನ್ನಮಲ್ಲಮ್ಮನನ್ನು ಅಕ್ಕ ಎಂದೇ ಕರೆದು, ಅಕ್ಕ ಹೇಳಿದ್ದೆಲ್ಲ ಸರಿ ಎಂದು ತಲೆಯಾಡಿಸುವ, ಚೌಕಾಸಿ ಮಾಡದ ಹುಡುಗಿ. ಇಂಥ ಗಿರಾಕಿಯನ್ನು ಕಂಡರೆ ಯಾವ ಅಂಗಡಿಯವರಿಗಾದರೂ ಮಮತೆ ಉಕ್ಕುತ್ತದೆ.

ಅವಳೊಮ್ಮೆ ಬಂದಾಗ ಮೋಡದ ದಿನಗಳು. ಕಟ್ಟಿದ ಉಂಡೆ ಒಣಗಿರಲಿಲ್ಲ, ಅಂಗಡಿಯ ಡಬ್ಬ ಖಾಲಿ. ಬಸ್ಸು ಹತ್ತಿ ಬಂದವಳನ್ನು ಬರಿಗೈಯಲ್ಲಿ ಕಳಿಸಬಾರದು ಎಂದು ಚನ್ನಮಲ್ಲಮ್ಮ ತನಗೆ ತಾನೇ ಹೇಳಿಕೊಂಡಳು. ಕಳಿಸಿದರೆ ಪಕ್ಕದ ಅಂಗಡಿಗೆ ಹೋಗುತ್ತಾಳೆ ಎಂಬುದನ್ನು ಹೇಳಿಕೊಳ್ಳುವ ಅಗತ್ಯವಿರಲಿಲ್ಲ. ಒಳಗೆ ಹೋಗಿ ಸ್ಟೀಲ್ ಡಬ್ಬದಿಂದ ತುಂಬಿಕೊಂಡು ಬಂದಳು. ಒಂದು ಪೊಟ್ಟಣ ತಾನೆ, ದೊರೆಗೇ ಏನೂ ಆಗಿಲ್ಲ, ಸುಂದ್ರಿಗೇನಾದೀತು?

ಆ ಪೊಟ್ಟಣ ಮುಗಿಯುತ್ತ ಬಂದಾಗ ಪುಷ್ಪ ಮತ್ತೆ ಬಂದಳು. ಅಂದು ಸಂತೆ, ಅಂಗಡಿಯ ಮುಂದೆ ಜನ. ಶಿವಯ್ಯನಿದ್ದ, ಪಕ್ಕದ ಹೋಟೆಲಿನ ಸ್ವಾಮಿ ಇದ್ದ.

"ಅಕ್ಕ, ಸುಂದ್ರಿ ಯಾಕೋ ಸರಿಯಿಲ್ಲ. ಇಡೀ ದಿನ ನೀರೇ ಕುಡೀತದೆ. ಇಕ್ಕೆ ಎಲ್ಲಾ ನೀರು ನೀರು. ಮೂಲೇಲಿ ಮುದುರ್ಕೊಂಡು ಕೂತದೆ."

ಚನ್ನಮಲ್ಲಮ್ಮ ಗಿರಾಕಿಗಳ ಮೇಲೊಮ್ಮೆ ಕಣ್ಣು ಹಾಯಿಸಿದಳು. ತನ್ನ ಮಾಲು ತಿನ್ನುವ ಹಕ್ಕಿ ಸರಿಯಿಲ್ಲ ಎನ್ನುತ್ತಿದ್ದಾಳೆ ಹುಡುಗಿ, ಅದೂ ಸಂತೆಯ ದಿನ.

"ಏನ್ ಹಾಕ್ದೆ ಅದ್ಕೆ?"

"ನೀವು ಕೊಟ್ಟಿದ್ದೇ ಅಕ್ಕ."

"ನಾ ಕೊಟ್ಟಿದ್ರಲ್ಲಿ ಉಪ್ಪಿಲ್ಲ, ಈ ಜನಕ್ಕೆಲ್ಲ ಗೊತ್ತು. ನೀರು ಕುಡೀತಾ ಅದೆ ಅಂದ್ರೆ ಉಪ್ಪು ತಿಂದದೆ ಅಂತ. ಕುರುಕಲು ಹಾಕಿದ್ದೀಯ, ಇಲ್ಲಾ ನಿಮ್ಮತ್ತೆ ಹಾಕವ್ರೆ. ಹಕ್ಕಿ ಸಾಕೋ ಯೋಗ್ಯತೆ ಇಲ್ದೋರು ಯಾಕಮ್ಮ ಸಾಕ್ತೀರಿ?"

"ಇಲ್ಲ ಅಕ್ಕ, ಆಣೆಗೂ..."

"ಪಾಪ, ಹಕ್ಕಿನೇ ಹೋಟ್ಲಿಗೆ ಬಂದು ಬೋಂಡ ತಿಂದೋಗಿರ್ಬೇಕು ಬುಡಿ" ಎಂದ ಸ್ವಾಮಿ. ಜನ ನಕ್ಕರು. ಪುಷ್ಪ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಹೋಗಿಬಿಟ್ಟಳು.

ಚನ್ನಮಲ್ಲಮ್ಮನಿಗೆ ಆ ಹೊತ್ತಿನಲ್ಲಿ ಸ್ಟೀಲ್ ಡಬ್ಬ ನೆನಪಿಗೇ ಬಂದಿರಲಿಲ್ಲ ಎಂದರೆ ನಂಬಲೇಬೇಕು. ಸುಳ್ಳನ್ನು ಅಷ್ಟು ಗಟ್ಟಿಯಾಗಿ ಹೇಳಲು ಯಾರಿಗೂ ಬರುವುದಿಲ್ಲ. ತಾನೇ ನಂಬಿದ್ದರೆ ಮಾತ್ರ ಬರುತ್ತದೆ. ಊಟಕ್ಕೆ ಒಳಗೆ ಹೋದಾಗ ದೊರೆ ನೀರಿನ ಬಟ್ಟಲಿಗೆ ಕೊಕ್ಕು ಅದ್ದಿ ಎತ್ತಿ, ಅದ್ದಿ ಎತ್ತಿ ಕುಡಿಯುತ್ತಿದ್ದ. ಪಂಜರದ ತಳದ ಪೇಪರು ತೊಯ್ದಿತ್ತು. ದಿನಾ ತೊಯ್ಯುತ್ತಿತ್ತು, ಅವಳು ದಿನಾ ಬದಲಾಯಿಸುತ್ತಿದ್ದಳು. ಗೋಡೆಗೂಡಿನಿಂದ ಸ್ಟೀಲ್ ಡಬ್ಬ ಇಳಿಸಿ ಒಂದು ಉಂಡೆಯನ್ನು ನಾಲಿಗೆಗೆ ತಾಗಿಸಿದಳು. ಕೋಡುಬಳೆಗೆ ಹಾಕುವಷ್ಟು ಉಪ್ಪು.

ಅನ್ನ ಕಲಸಿದ್ದು ತಟ್ಟೆಯಲ್ಲೇ ಉಳಿಯಿತು.

ಮೊದಲು ಅವಳು ಅಗ್ಗದ ದಾರಿ ಹುಡುಕಿದಳು. ವ್ಯಾಪಾರದವರು ಯಾವಾಗಲೂ ಹುಡುಕುವುದು ಅದನ್ನೇ. ಮಾರನೆಯ ದಿನ ಪುಷ್ಪಳಿಗೆ ಫೋನು ಮಾಡಿ, ಉಳಿದ ಉಂಡೆಯೆಲ್ಲ ಬಿಸಾಕು, ಬರೀ ನೆನೆಸಿದ ಕಾಳು, ಸೌತೆಕಾಯಿ, ಶುದ್ಧವಾದ ನೀರು ಇಡು, ಡಾಕ್ಟರಿಗೆ ತೋರಿಸು ಎಂದಳು. ಯಾಕೆ ಎಂದು ಹೇಳಲಿಲ್ಲ.

"ಸರಿ ಅಕ್ಕ" ಎಂದಿತು ಆ ಕಡೆಯ ಧ್ವನಿ. "ನೀವೇಳಿದ್ದು ನಿಜ ಇರ್ಬೇಕು. ನಮ್ಮತ್ತೆ ಮ್ಯಾಲೆ ನಂಗೂ ಅನ್ಮಾನ ಬಂತು. ಕೇಳ್ಬುಟ್ಟೆ. ಜಗಳ ಆಯ್ತು. ನಿನ್ನೆಯಿಂದ ಅವರು ನಮ್ಮನೇಲಿ ಉಣ್ತಿಲ್ಲ."

ಫೋನು ಇಟ್ಟ ಮೇಲೆ ಚನ್ನಮಲ್ಲಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹಕ್ಕಿಗೆ ಹಾಕಿದ ಉಪ್ಪು ಒಂದು ಮನೆಯ ಒಲೆಯ ತನಕ ಹೋಗಿ ಮುಟ್ಟಿದೆ. ಹಕ್ಕಿ ಸತ್ತರೆ ಆ ಮುದುಕಿಯ ತಲೆಗೇ ಕಟ್ಟುತ್ತಾರೆ, ಸಾಯುವ ತನಕ.

ಮರುದಿನ ಬೆಳಿಗ್ಗೆ ಕುಂತೂರಿನ ಬಸ್ಸು ಹತ್ತಿದಳು. ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಇನ್ನೂ ನಿಧಾನವಾಗಿ ಹೋದರೂ ಅವಳಿಗೆ ತಕರಾರಿರಲಿಲ್ಲ.

ಪುಟ್ಟಬಸಮ್ಮ ಜಗಲಿಯ ಮೇಲೆ, ಪುಷ್ಪ ಒಳಗೆ; ನಡುವೆ ಮಾತಿಲ್ಲ. ಚನ್ನಮಲ್ಲಮ್ಮನನ್ನು ಕಂಡು ಇಬ್ಬರೂ ಎದ್ದರು. ಚಾಪೆ ಹಾಸಿದರು. ಕೆಲಸ ಬಿಟ್ಟು ಒಂದು ಹಕ್ಕಿಗೋಸ್ಕರ ಇಷ್ಟು ದೂರ ಬಂದಿದ್ದೀರಲ್ಲ ಎಂದು ಪುಷ್ಪ ಕಾಫಿ ಕಾಯಿಸಿ ತಂದಳು. ಸುಂದ್ರಿ ಬದುಕಿತ್ತು, ಮೈಯುಬ್ಬಿಸಿಕೊಂಡು ಕೂತಿತ್ತು. ಸೌತೆಕಾಯಿಯ ಬಿಲ್ಲೆಯನ್ನು ಒಂದೆರಡು ಸಲ ಕುಕ್ಕಿತ್ತಂತೆ. ಕೈಗೆ ಬಂದ ಕಾಫಿಯನ್ನು ಚನ್ನಮಲ್ಲಮ್ಮನಿಗೆ ಕುಡಿಯಲೂ ಆಗಲಿಲ್ಲ, ಇಡಲೂ ಆಗಲಿಲ್ಲ.

"ಉಪ್ಪು ನಂದೇ ಕಣಮ್ಮ" ಎಂದಳು. "ಅವತ್ತು ಕೊಟ್ಟಿದ್ದು ನಮ್ಮ ದೊರೆಗೆ ಮಾಡಿದ್ದು. ಹಾರೋಗದೆ ಇರ್ಲಿ ಅಂತ ಋಣಕ್ಕೆ ಉಪ್ಪು ಹಾಕಿದ್ದೆ. ಗೊತ್ತಿದ್ದೇ ಕೊಟ್ಟೆ. ಬೈಯ್ವಾಗ ಮರ್ತಿದ್ದೆ."

ಪುಟ್ಟಬಸಮ್ಮ ಎಲೆಯಡಿಕೆಯ ಚೀಲವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಋಣಕ್ಕೆ ಉಪ್ಪು ಆಕ್ಬೇಕು ಅಂತ ನಂಗೂ ಮನಸ್ಸಿತ್ತು ಕಣವ್ವ. ಅಂಗಡಿ ಅಕ್ಕ ಬ್ಯಾಡ ಅಂದವ್ರೆ ಅಂತ ನನ್ ಸೊಸೆ ಬುಡ್ಲಿಲ್ಲ. ಸರಿ ಅಂತ ಸುಮ್ಕಾದೆ. ಮೊನ್ನೆ ಅವ್ಳು ಕೇಳ್ದಾಗ ಮಾದಪ್ಪನ ಆಣೆ ಮಾಡಿದ್ದೀನಿ. ಈ ವಯ್ಸಲ್ಲಿ ಒಂದು ಅಕ್ಕಿ ಇಸ್ಯಕ್ಕೆ ಮಾದಪ್ಪನ ಎಸ್ರು ಎತ್ತುಸ್ಬುಟ್ಟಲ್ಲವ್ವ ನೀನು."

ಇಷ್ಟು ಹೇಳಿ ಮುದುಕಿ ಒಳಗೆ ಹೋದಳು. ಒಳಗೆ ತಟ್ಟೆಯ ಸದ್ದು, ಸೊಸೆಯನ್ನು ಕೂಗಿದ ಸದ್ದು ಕೇಳಿತು. ಪುಷ್ಪ ಬಾಗಿಲಿನಲ್ಲೇ ನಿಂತಿದ್ದಳು.

"ಅವತ್ತು ಅಂಗಡಿ ಮುಂದೆ ಬಾಳ ಜನ ಇದ್ರು" ಎಂದಳು, ಅಷ್ಟೇ.

ಮುಂದಿನ ಸಂತೆಯ ದಿನ ಜನ ಸೇರುವ ತನಕ ಚನ್ನಮಲ್ಲಮ್ಮ ಕಾದಳು. ಸ್ವಾಮಿಯನ್ನು ಹೋಟೆಲಿನಿಂದ ಕರೆಸಿದಳು. ಶಿವಯ್ಯ ಹೇಗೂ ಇದ್ದ. ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಕುಂತೂರಿನ ಹುಡುಗಿಯದು ತಪ್ಪಿಲ್ಲ, ಉಪ್ಪಿನ ಉಂಡೆ ಕೊಟ್ಟವಳು ತಾನು ಎಂದು ಹೇಳಿದಳು. ಅವಳ ಗಂಟಲು ಅಷ್ಟು ಸಣ್ಣಗಾದದ್ದನ್ನು ಆ ಬೀದಿ ಕೇಳಿರಲಿಲ್ಲ. ಹಿಂದೆ ನಿಂತವರು "ಏನಂತೆ, ಏನಂತೆ" ಎಂದರು. ಎರಡನೆಯ ಸಲ ಗಟ್ಟಿಯಾಗಿ ಹೇಳಬೇಕಾಯಿತು. ಮೊದಲನೆಯದಕ್ಕಿಂತ ಅದೇ ಕಷ್ಟವಾಯಿತು.

"ಅಂಗಾರೆ ನಮ್ಮನೆ ಅಕ್ಕಿ ತಿಂದಿದ್ದು ಯಾವ್ದವ್ವ?" ಎಂದು ಒಬ್ಬ ಕೇಳಿದ.

"ನಿಮಗೆ ಕೊಟ್ಟಿದ್ರಲ್ಲಿ ಇಲ್ಲ."

"ಅವತ್ತೂ ಇಂಗೇ ಅಂದ್ಯಲ್ಲ" ಎಂದು ಅವನು ಕೈಯಲ್ಲಿದ್ದ ಪೊಟ್ಟಣ ವಾಪಸು ಇಟ್ಟ.

ಸ್ವಾಮಿ ಅಂದು ಯಾವ ತಮಾಷೆಯನ್ನೂ ಮಾಡಲಿಲ್ಲ. ಮಾಡಿದ್ದರೆ ಚನ್ನಮಲ್ಲಮ್ಮನಿಗೆ ಹಗುರವಾಗುತ್ತಿತ್ತು. ಜನ ಕರಗಿದ ಮೇಲೆ ಗುರುಮಲ್ಲಪ್ಪ ತಕ್ಕಡಿಯ ತಟ್ಟೆಯನ್ನು ಒರೆಸುತ್ತ ಗೊಣಗಿದ: "ಅವರ ಮನೇಲಿ ಹೇಳ್ದೆ ತಾನೆ, ಸಾಕಾಗ್ತಿರ್ಲಿಲ್ವಾ? ಬೀದೀಲಿ ಹೇಳ್ಬೇಕಿತ್ತಾ?"

"ಬೈದಿದ್ದು ಬೀದೀಲಿ ಅಲ್ವಾ ರೀ" ಎಂದಳು ಅವಳು.

ಸುಂದ್ರಿ ಚೇತರಿಸಿಕೊಂಡಿತು. ದೊರೆಗೆ ಈಗ ಸಪ್ಪೆ ಉಂಡೆ. ಅದನ್ನು ಕೊಕ್ಕಿನಲ್ಲಿ ಎತ್ತಿ ಕೆಳಗೆ ಹಾಕಿ, ಅವಳ ಮುಖ ನೋಡುತ್ತಾನೆ. ಪುಷ್ಪ ಉಂಡೆ ಕೊಳ್ಳುವುದಿಲ್ಲ, ಮನೆಯಲ್ಲಿ ತಾನೇ ಕಟ್ಟುತ್ತಾಳೆ. ನವಣೆ, ಸಾಮೆಗೆ ಮಾತ್ರ ಗುರುಮಲ್ಲಪ್ಪನ ಅಂಗಡಿಗೇ ಬರುತ್ತಾಳೆ. ಪಕ್ಕದ ಅಂಗಡಿಗೆ ಹೋಗಿದ್ದರೆ ಚನ್ನಮಲ್ಲಮ್ಮನಿಗೆ ನೆಮ್ಮದಿಯಿತ್ತು. ಬಂದು, ಚೀಲ ಚಾಚಿ, ಸಂತೆಯ ಜನರ ನಡುವೆ ಮರ್ಯಾದೆಯಿಂದಲೇ ಕೇಳುತ್ತಾಳೆ:

"ಅಮ್ಮಾವ್ರೇ, ಒಂದು ಸೇರು ನವಣೆ ಕೊಡಿ."

ಅಕ್ಕ ಎನ್ನುವುದಿಲ್ಲ. ಚನ್ನಮಲ್ಲಮ್ಮ ನವಣೆ ಅಳೆದು, ಮೇಲೆ ಒಂದು ಹಿಡಿ ಹೆಚ್ಚು ಹಾಕುತ್ತಾಳೆ. ಪುಷ್ಪ ಆ ಒಂದು ಹಿಡಿಯನ್ನು ತೆಗೆದು ಮೂಟೆಗೇ ಸುರಿದು, ಚೀಲದ ಬಾಯಿ ಕಟ್ಟಿಕೊಂಡು ಹೋಗುತ್ತಾಳೆ.