ಆಡು ಕಡಿದು ಬಿಟ್ಟ ಸೊಪ್ಪು

ಖಾಲಾಳ ನಾಲಿಗೆಯ ತುದಿ ಸದಾ ಹಸಿರುಗಪ್ಪಾಗಿರುತ್ತಿತ್ತು. ಕುಷ್ಟಗಿ ಸಂತೆಯಲ್ಲಿ ಗೋಣಿತಾಟು ಹಾಸಿ ಬೇರು, ತೊಗಟೆ, ಒಣಸೊಪ್ಪು ಮಾರುತ್ತಿದ್ದ ಮುದುಕಿ. ಒಂದು ಎಲೆ ನಾಲಿಗೆಗೆ ತಾಗಿಸಿ, ಥೂ ಎಂದು ಉಗುಳದೆ ಯಾವ ಗಿಡವನ್ನೂ ಕೊಯ್ದವಳಲ್ಲ. "ಕಣ್ಣು ಮೋಸ ಹೋಗ್ತಾವ ಬೇಟಾ, ನಾಲಿಗಿ ಹೋಗಂಗಿಲ್ಲ" ಎನ್ನುತ್ತಿದ್ದಳು. ಊರಿಗೆಲ್ಲ ಅವಳು ಖಾಲಾ, ಚಿಕ್ಕಮ್ಮ. ನನಗೂ ಹಾಗೇ ಆದಳು.

ನಾನು ಕೆಲಸ ಮಾಡುವ ಪ್ರಯೋಗಾಲಯದಲ್ಲೊಂದು ಲೈಬ್ರರಿ ಇದೆ. ಅಲ್ಲಿ ಪುಸ್ತಕಗಳಿಲ್ಲ, ಫ್ರೀಜರಿನೊಳಗೆ ಸಾವಿರಾರು ಪುಟ್ಟ ಸೀಸೆಗಳು, ಒಂದೊಂದರಲ್ಲಿ ಒಂದೊಂದು ಗಿಡದ ಸಾರ. ಹೊಸ ಔಷಧಿ ಹುಡುಕುವವರು ಅವನ್ನು ಒಂದೊಂದಾಗಿ ರೋಗಾಣುಗಳ ಮೇಲೆ ಹಾಕಿ ನೋಡುತ್ತಾರೆ. ಬಹುಪಾಲು ಏನೂ ಆಗುವುದಿಲ್ಲ. 'ಏನೂ ಆಗಲಿಲ್ಲ' ಎಂದು ವರ್ಷಗಟ್ಟಲೆ ಬರೆದು ನನಗೆ ಸಾಕಾಗಿಹೋಗಿದೆ. ಸೀಸೆ ತುಂಬಲು ಗಿಡ ತರುವುದು ನನ್ನ ಕೆಲಸ. ಗಿಡ ತೋರಿಸುವುದು ಖಾಲಾಳದು.

ಒಂದು ಬೇಸಿಗೆ, ಹನುಮಸಾಗರದ ಕಡೆಯ ಗುಡ್ಡದಲ್ಲಿ, ಒಂದೇ ಜಾತಿಯ ಐದು ಕುರುಚಲು ಗಿಡಗಳನ್ನು ನೆಕ್ಕಿ ನೋಡಿ ಬಿಟ್ಟಳು. ಆರನೆಯದರ ಕುಡಿಯನ್ನು ಆಡು ಕಡಿದಿತ್ತು. ಅದನ್ನು ಕೊಯ್ದಳು.

"ಯಾಕ ಖಾಲಾ, ಎಲ್ಲಾ ಒಂದೇ ಅಲ್ಲೇನು?"

"ಒಂದೇನೂ ಅಲ್ಲ. ಕಡಸ್ಕೊಂಡ ಗಿಡಕ್ಕ ಸಿಟ್ಟು ಬಂದಿರ್ತೈತಿ, ಎಲಿ ಕಹಿ ಆಗಿರ್ತೈತಿ. ಆ ಸಿಟ್ಟೇ ಔಷಧ. ಬರ್ಕೋ."

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ; ಇವಳಿಗೆ ಆಡು ಮುಟ್ಟಿ ಬಿಟ್ಟದ್ದೇ ಬೇಕಲ್ಲ ಎಂದು ನಕ್ಕೆ. ನನ್ನ ಫಾರಮ್ಮಿನಲ್ಲಿ ಜಾಗ, ದಿನಾಂಕ, ಗಿಡದ ಭಾಗ, ತಂದವರ ಹೆಸರು ಎಂಬ ಕಾಲಮ್ಮುಗಳಿದ್ದವು. ಸಿಟ್ಟಿಗೆ ಕಾಲಮ್ಮಿರಲಿಲ್ಲ. ಬರೆದುಕೊಳ್ಳಲಿಲ್ಲ.

ಆ ಸೊಪ್ಪಿನ ಸೀಸೆಯೇ ರೋಗಾಣುವನ್ನು ತಡೆಯಿತು. ಇನ್ನೂ ಎರಡು ಚೀಲ ಸೊಪ್ಪು ಬೇಕೆಂದರು ನಮ್ಮ ಸಾಹೇಬರು. ಮಂಡಿ ನೋವೆಂದು ಖಾಲಾ ಮನೆ ಹಿಡಿದಿದ್ದಳು. ಅವಳಿಲ್ಲದಿದ್ದರೇನು, ನಕ್ಷೆ ಇದೆ, ಫೋಟೋ ಇದೆ ಎಂಬ ಸೊಕ್ಕು ನನ್ನದು. ಕೂಲಿಯವರನ್ನು ಕರೆದೊಯ್ದು ಸೊಂಪಾಗಿ ಬೆಳೆದ ಗಿಡಗಳನ್ನೇ ಆರಿಸಿ ಕೊಯ್ಯಿಸಿದೆ. ಏನೂ ಆಗಲಿಲ್ಲ. ಮತ್ತೊಮ್ಮೆ ತಂದೆ. ಆಗಲೂ ಇಲ್ಲ.

"ಮೊದಲನೇದರಲ್ಲಿ ಏನೋ ಬೆರಕೆ ಆಗಿರಬೇಕು. ಇನ್ನೊಂದು ಸಲ ನೋಡಿ, ಆಗದಿದ್ದರೆ ಲೈಬ್ರರಿಯಿಂದ ತೆಗೆದುಬಿಡಿ" ಎಂದರು ಸಾಹೇಬರು. ಇಷ್ಟು ವರ್ಷಗಳಲ್ಲಿ ನಾನು ತಂದ ಗಿಡಗಳ ಪೈಕಿ ಕೆಲಸ ಮಾಡಿದ್ದು ಅದೊಂದೇ.

ಮುಖ ಸಣ್ಣದು ಮಾಡಿಕೊಂಡು ಖಾಲಾಳ ಮನೆಗೆ ಹೋದೆ. ಹೊರಸಿನ ಮೇಲೆ ಮಲಗಿದ್ದವಳು ನಾನು ಕೊಟ್ಟ ಎಲೆ ನೆಕ್ಕಿ ಉಗುಳಿದಳು.

"ಇದನ್ನ ಒಯ್ದು ಎಮ್ಮಿಗೆ ಹಾಕು. ಆಡು ಕಡದದ್ದು ಅಂತ ಹೇಳಿರ್ಲಿಲ್ಲೇನು?"

"ಬರ್ಕೊಂಡಿರ್ಲಿಲ್ಲ ಖಾಲಾ."

"ನಿನ್ನ ಕಾಗದಕ್ಕ ಬಾಯಿ ಇಲ್ಲ, ಬಿಡು. ನಿನಗೈತಲ್ಲ?"

ಮೊದಲ ಸಲದಂತೆಯೇ ಆಗಲೆಂದು ಬೇಸಿಗೆ ಬರುವವರೆಗೆ ಕಾದು ಗುಡ್ಡಕ್ಕೆ ಹೋದೆ. ಎರಡು ದಿನ ಆಡುಗಳ ಹಿಂದೆ ಅಲೆದು, ಅವು ಕಡಿದು ಬಿಟ್ಟ ಗಿಡಗಳನ್ನೆಲ್ಲ ನೆಕ್ಕಿದೆ. ಮೈಯೆಲ್ಲ ಹಣ್ಣಾಯಿತು. ಕೊನೆಗೆ ಸಿಕ್ಕಿದ ಗಿಡಗಳ ಕಹಿ ಕುಷ್ಟಗಿ ಬಸ್‌ಸ್ಟ್ಯಾಂಡಿಗೆ ಬಂದರೂ ಬಾಯಿ ಬಿಡಲಿಲ್ಲ. ಚೀಲ ಹೊತ್ತುಕೊಂಡು ನೇರ ಅವಳ ಮನೆಗೇ ನಡೆದೆ.

"ಮೂರ್ ದಿನ ಆತ್ರಿ, ಯಾರ್ದೂ ಗುರುತಿಲ್ಲ. ನೀರೂ ಇಳೀವಲ್ದು" ಎಂದಳು ಸೊಸೆ. ನಾನು ಮಾತಾಡಿಸಿದರೂ ಖಾಲಾ ಕಣ್ಣು ತೆರೆಯಲಿಲ್ಲ. ತಪ್ಪೋ ಸರಿಯೋ, ಒಂದು ಎಲೆ ಹೊಸಕಿ ಅವಳ ನಾಲಿಗೆಯ ತುದಿಗೆ ಸೋಕಿಸಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಮುಖ ಪೂರಾ ಕಿವುಚಿದಳು.

"ಹೂಂ... ಕೊಯ್ಯಿ" ಎಂದಳು.

ಕೊಯ್ದು ತಂದಿದ್ದ ಚೀಲವನ್ನು ಅವಳ ಹೊರಸಿನ ಪಕ್ಕಕ್ಕಿಟ್ಟೆ. ಮರುದಿನ ಹೋಗಿಬಿಟ್ಟಳು. ಮಣ್ಣು ಮಾಡಿ ಬಂದ ಮೇಲೆ ಚೀಲ ಪ್ರಯೋಗಾಲಯಕ್ಕೆ ಒಯ್ದೆ.

ಸಾರ ಕೆಲಸ ಮಾಡಿತು. ಸಾಹೇಬರು ಬೆನ್ನು ತಟ್ಟಿದರು. ಅದು ಔಷಧಿಯಾಗಲು ಇನ್ನೆಷ್ಟು ವರ್ಷವೋ, ಆಗುತ್ತದೋ ಇಲ್ಲವೋ, ಯೋಚಿಸುವ ತ್ರಾಣವೂ ನನಗಿಲ್ಲ. ಸೀಸೆಯಂತೂ ಲೈಬ್ರರಿಯಲ್ಲಿ ಉಳಿಯಿತು.

ಫಾರಮ್ಮು ತುಂಬುವಾಗ 'ತಂದವರು' ಎಂಬಲ್ಲಿ ಹಿಂದಿನಂತೆಯೇ ನನ್ನ ಹೆಸರು ಬಂತು. ರುಚಿಗೆ ಕಂಪ್ಯೂಟರಿನಲ್ಲಿ ಈಗಲೂ ಜಾಗವಿಲ್ಲ. ಸೀಸೆ ಒರೆಸಿ, ಚೀಟಿಯ ಅಂಚಿನಲ್ಲಿ ಪೆನ್ನಿನಿಂದ ಬರೆದೆ: ಕಹಿ. ರುಚಿ ನೋಡಿ ಹೇಳಿದವರು, ಖಾಲಾ.